ಜಾಡಿಯ ತಳದ ಚುಕ್ಕೆ

ಪ್ರಯೋಗಾಲಯದ ಜೆಲ್ಲಿ ಮೀನುಗಳಿಗೆ ಹದಿನೆಂಟು ವರ್ಷದಿಂದ ಉಪ್ಪುನೀರು ಬದಲಿಸುತ್ತಿದ್ದವಳನ್ನು ಎಲ್ಲರೂ ಜಾಡಿಯಕ್ಕ ಎನ್ನುತ್ತಿದ್ದರು. ಮುಪ್ಪಿನಿಂದ ಮರಳಿ ಮಗುವಾಗಬಲ್ಲ ಜಾತಿಯದು ಅಲ್ಲಿ ಉಳಿದಿದ್ದುದು ಒಂದೇ. ಅಂದು ಅದು ಮುದುಡಿ, ತಳದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಯಾಗಿ ಅಂಟಿಕೊಂಡಿತ್ತು. ಹೊಸ ಮೇಡಂ ಬ್ರಷ್ ಎತ್ತಿಕೊಂಡರು.

"ಸತ್ತುಹೋಯ್ತಲ್ಲ ಅಕ್ಕ. ಜಾಡಿ ತೊಳೆದುಬಿಡ್ತೀನಿ."

"ಬ್ರಷ್ ಕೆಳಗಿಡಿ ಮೇಡಂ. ಅದು ಮಗು ಆಗೋಕೆ ಹೊರಟಿದೆ. ನಿಮಗಿಂತ ಮುಂಚೆ ಇದ್ದೋರು ಹೀಗೇ ಒಂದನ್ನ ಉಜ್ಜಿ ತೊಳೆದು, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ರು."

"ಏಳದಿದ್ರೆ?"

"ನನ್ನನ್ನ ಬೈಯಿರಿ. ಮೂರು ದಿನ ಮುಟ್ಟಬೇಡಿ, ಅಷ್ಟೇ."

ಮೂರನೆಯ ಬೆಳಿಗ್ಗೆ ಭೂತಗನ್ನಡಿ ಹಿಡಿದ ಮೇಡಂ ಜಾಡಿ ಬಿಟ್ಟು ಕದಲಲಿಲ್ಲ. ಚುಕ್ಕೆಯಿಂದ ಕೂದಲೆಳೆಯಂಥ ಕಾಂಡ ಚಿಗುರಿತ್ತು. ಜಾಡಿಯಕ್ಕ ಮಾತ್ರ ಇಣುಕಿಯೂ ನೋಡದೆ, ಮಗುವಿಗೆ ಹಸಿವಾಗಿರುತ್ತದೆಂದು ಸೀಗಡಿಮರಿ ತರಲು ಹೋದಳು.