ಬಾಟಲಿ ಅಜ್ಜಿ

ಕಳೆದ ವಾರ ನಮ್ಮ ಕಟ್ಟಡದವರೆಲ್ಲ ಸೇರಿ ಕೆಳಗಿನ ಅಂಗಳದಲ್ಲಿ ಊಟ ಇಟ್ಟುಕೊಂಡಿದ್ದರು. ಮರುದಿನ ಬೆಳಿಗ್ಗೆ ಶುಚಿ ಮಾಡುವ ಸರದಿ ನಮ್ಮ ಮನೆಯದು. ಬೆಂಚಿನ ಕೆಳಗೆ ಉರುಳಿದ್ದ ಒಂದು ಬಿಯರ್ ಬಾಟಲಿ ಎತ್ತಿದೆ. ತಳದಲ್ಲಿ ಉಳಿದಿದ್ದುದು ಕೈಮೇಲೆ ಚೆಲ್ಲಿತು. ದೋಸೆ ಹಿಟ್ಟನ್ನು ಬೇಸಿಗೆಯಲ್ಲಿ ಹೊರಗೇ ಮರೆತಾಗ ಬರುವಂಥ ಹುಳಿ ವಾಸನೆ, ಅದರ ಹಿಂದೆ ಏನೋ ಕಹಿ. ಕೈ ತೊಳೆಯಲು ಏಳಬೇಕೆಂದುಕೊಂಡವಳು ಅಲ್ಲೇ ಕುಳಿತುಬಿಟ್ಟೆ…

ಕೊರೊನಾ ಬಂದ ಆ ವರ್ಷ ನಾವು ಟೋಕಿಯೋದ ನಿಶಿ ಕಸಾಯಿಯಲ್ಲಿದ್ದೆವು. ಮಾವನವರಿಗೆ ಹುಷಾರಿಲ್ಲವೆಂದು ನನ್ನ ಗಂಡ ಮೈಸೂರಿಗೆ ಹೋಗಿದ್ದರು. ಬೇಗ ಬಂದುಬಿಡುತ್ತೇನೆ ಎಂದು ಚಿಕ್ಕ ಸೂಟ್‌ಕೇಸಿನಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು ಹೊರಟವರು. ಅಷ್ಟರಲ್ಲಿ ವಿಮಾನಗಳು ನಿಂತವು. ಇಲ್ಲಿ ಮನೆ, ಹೆಂಡತಿ, ಮಗು, ವೀಸಾ ಎಲ್ಲ ಇದ್ದವರಿಗೂ ಜಪಾನ್ ಬಾಗಿಲು ಹಾಕಿತು. ಟೋಕಿಯೋದ ಪ್ರಾಜೆಕ್ಟಿನಿಂದ ಅವರನ್ನು ತೆಗೆದರು, ಸಂಬಳ ಅರ್ಧಕ್ಕಿಳಿಯಿತು. ನಾನು, ಒಂದನೇ ತರಗತಿಯ ಮಗಳು, ಎರಡು ಕೋಣೆಯ ಫ್ಲ್ಯಾಟು. ಗಂಡನ ವೀಸಾದ ಮೇಲೆ ಇರುವವರು ಅನುಮತಿ ಪಡೆದು ವಾರದಲ್ಲಿ ಕೆಲವು ಗಂಟೆ ದುಡಿಯಬಹುದಿತ್ತು. ನಿಲ್ದಾಣದ ಆಚೆ ಬದಿಯ ಸೂಪರ್ ಮಾರ್ಕೆಟ್ಟಿನಲ್ಲಿ ಜನ ಬೇಕಾಗಿದ್ದರು. ನನ್ನ ಹರಕು ಜಪಾನಿ ಭಾಷೆ ಕ್ಯಾಶ್ ಕೌಂಟರಿಗೆ ಸಾಲದೆಂದು ಮ್ಯಾನೇಜರು ವಿನಯದಿಂದಲೇ ಹೇಳಿ, ಹಿತ್ತಲಿಗೆ ಕರೆದುಕೊಂಡು ಹೋಗಿ ತಗಡಿನ ಶೆಡ್ಡೊಂದನ್ನು ತೋರಿಸಿದರು. ಗಿರಾಕಿಗಳು ಹಿಂತಿರುಗಿಸುವ ಖಾಲಿ ಬಾಟಲಿಗಳನ್ನು ಚಿಲ್ಲರೆ ಕಾಸು ಕೊಟ್ಟು ತೆಗೆದುಕೊಳ್ಳುವ ಕೆಲಸ. ಕಂಡವರು ಬಾಯಿಟ್ಟು ಕುಡಿದ ಬಾಟಲಿ. ಅಂಥ ದಿನಗಳಲ್ಲಿ ಅದನ್ನು ಮುಟ್ಟಲು ಯಾರೂ ಒಪ್ಪುತ್ತಿರಲಿಲ್ಲ.

ಗಂಡನಿಗೆ ಫೋನಿನಲ್ಲಿ ಹೇಳಿದೆ.

"ಬಾಟ್ಲಿ ತೊಳೆಯೋದಾ? ಈ ಟೈಮಲ್ಲಾ? ರಿಸ್ಕ್ ಕಣೇ."

"ಮತ್ತೆ ರೆಂಟ್ ಏನ್ ಮಾಡೋಣ ಹೇಳಿ," ಎಂದೆ.

ಶೆಡ್ಡಿನಲ್ಲಿ ನನಗೆ ಕೆಲಸ ಕಲಿಸಲು ನಿಂತಿದ್ದವರು ಅರವತ್ತು ದಾಟಿದ ಹೆಂಗಸು. ಗಿಡ್ಡ ಮೈಕಟ್ಟು, ಮೊಣಕಾಲುದ್ದದ ರಬ್ಬರ್ ಬೂಟು, ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಖಪರದೆ. ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ, ಅವೂ ಅಷ್ಟೇನೂ ಪ್ರೀತಿಯವಲ್ಲ. ನನ್ನನ್ನು ಅವರು ಹೆಸರು ಹಿಡಿದು ಕರೆಯಲಿಲ್ಲ. ಯಾರದೋ ಮನೆಯಾಕೆಯನ್ನು ಕರೆಯುವಂತೆ 'ಒಕುಸಾನ್' ಎಂದರು. ನಾನು ಮನೆಯಲ್ಲಿ ಅವರ ವಿಷಯ ಹೇಳಿದಾಗ ಮಗಳು 'ಬಾಟಲ್ ಅಜ್ಜಿ' ಎಂದು ಹೆಸರಿಟ್ಟಳು. ನಮ್ಮಿಬ್ಬರಿಗೂ ಅವರು ಅದೇ ಆದರು.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಹೆಂಡದ ಬಾಟಲಿ ಕಂಡವಳಲ್ಲ. ಖಾಲಿ ಸೀಸೆ ಎಂದರೆ ಫಿನಾಯಿಲಿನದು, ಹಾರ್ಲಿಕ್ಸಿನದು. ಗುಜರಿಯವನು ಬಂದಾಗ ಅಮ್ಮ ಚೌಕಾಸಿ ಮಾಡಿ ಕೊಡುತ್ತಿದ್ದಂಥವು. ಇಲ್ಲಿ ಬಿಯರಿನ ಕಂದು ಬಾಟಲಿಗಳು, ಅಕ್ಕಿ ಮದ್ಯದ ಎತ್ತರದ ಬಾಟಲಿಗಳು ಚೀಲ ಚೀಲ ಬರುತ್ತಿದ್ದವು. ಒಂದೊಂದು ಕಂಪನಿಯ ಬಾಟಲಿ ಅದರದೇ ಬಣ್ಣದ ಕ್ರೇಟಿಗೆ ಹೋಗಬೇಕು. ವೈನ್ ಬಾಟಲಿ ವಾಪಸು ತೆಗೆದುಕೊಳ್ಳುವಂತಿಲ್ಲ, ಬಗ್ಗಿ ಕ್ಷಮೆ ಕೇಳಿ ಹಿಂದಕ್ಕೆ ಕೊಡಬೇಕು. ಬಾಯಿಯ ಅಂಚು ಒಡೆದಿದೆಯೇ ಎಂದು ಗ್ಲೌಸಿನ ಬೆರಳು ಸುತ್ತಿಸಿ ನೋಡಬೇಕು. ಒಳಗೆ ಸಿಗರೇಟಿನ ತುಂಡು ಬಿದ್ದಿದ್ದರೆ ಅದನ್ನು ಬೇರೆ ಇಡಬೇಕು. ಮೊದಲ ದಿನ ಬೆವರು ಒರೆಸಿಕೊಳ್ಳಲು ನಾನು ಗ್ಲೌಸಿನ ಕೈಯನ್ನು ಹಣೆಯತ್ತ ಒಯ್ದೆ. ಅಜ್ಜಿ ನನ್ನ ಮಣಿಕಟ್ಟಿಗೆ ಪಟ್ಟನೆ ಹೊಡೆದರು. ನೋವಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಮೂವತ್ತನಾಲ್ಕರ ಹೆಂಗಸನ್ನು ಹಾಗೆ ಹೊಡೆಯುವವರು ಆಮೇಲೆ ಏನಾದರೂ ಹೇಳಬೇಕಲ್ಲವೇ? ಅವರು ಮುಂದಿನ ಬಾಟಲಿ ಎತ್ತಿಕೊಂಡರು.

ಜುಲೈ ಕೊನೆಗೆ ಇಲ್ಲಿಯ ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ಘಟನೆ ನಡೆಯಿತು. ಒಳ್ಳೆಯ ಅಂಗಿ ತೊಟ್ಟ, ನಡುವಯಸ್ಸು ದಾಟಿದ ಒಬ್ಬ ಗಿರಾಕಿ ಚೀಲ ಹಿಡಿದು ಬಂದ. ನಾನು ಕೈ ಚಾಚಿದೆ. ಅವನು ನನ್ನ ಮುಖ ನೋಡಿ ಚೀಲವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ. ಬೇರೆ ಯಾರೂ ಇಲ್ಲವೇ ಎಂದ. ಹೊರಗಿನವರು ಊರಿಂದ ಊರಿಗೆ ರೋಗ ಹೊತ್ತು ತಿರುಗುತ್ತಾರೆ ಎಂದೂ ಹೇಳಿದ. ಅಷ್ಟು ಜಪಾನಿ ನನಗೆ ಅರ್ಥವಾಗುತ್ತಿತ್ತು. ಅಜ್ಜಿ ಒಳಗಿನಿಂದ ಬಂದು ಸೊಂಟದಿಂದ ಬಗ್ಗಿದರು. ತಲೆ ಎತ್ತದೆಯೇ 'ಸುಮಿಮಾಸೆನ್, ಸುಮಿಮಾಸೆನ್' ಎನ್ನುತ್ತ ಚೀಲ ತೆಗೆದುಕೊಂಡರು, ಚಿಲ್ಲರೆ ಕೊಟ್ಟರು, ಅವನು ಹೋಗುವವರೆಗೂ ಬಗ್ಗಿಯೇ ಇದ್ದರು.

ನನಗೆ ಮೈಯೆಲ್ಲ ಉರಿಯಿತು. "ನಾನೇನು ತಪ್ಪು ಮಾಡಿದೆ? ನೀವ್ಯಾಕೆ ಅವನ ಕ್ಷಮೆ ಕೇಳಿದಿರಿ?" ಎಂದು ಗೊತ್ತಿದ್ದ ಮಾತುಗಳನ್ನೆಲ್ಲ ಜೋಡಿಸಿ ಕೇಳಿದೆ.

ಅವರು ಆ ಚೀಲದ ಬಾಟಲಿಗಳನ್ನು ಕ್ರೇಟಿಗೆ ಇಳಿಸುತ್ತಲೇ ಹೇಳಿದರು. "ಆತ ನನ್ನ ಅಂಗಡಿಗೆ ಬರುತ್ತಿದ್ದ. ಪ್ರತಿ ಶುಕ್ರವಾರ. ಗುರುತು ಹಿಡಿಯಬಾರದು ಅಂತ ತಲೆ ತಗ್ಗಿಸಿದೆ."

ಹಾಗೆ ಗೊತ್ತಾಯಿತು. ಎರಡು ನಿಲ್ದಾಣ ಆಚೆಯ ಗಲ್ಲಿಯೊಂದರಲ್ಲಿ ಅವರದೊಂದು ಪುಟ್ಟ ಪಾನಗೃಹವಿತ್ತು. ಮೊಣಕೈಗೆ ಮೊಣಕೈ ತಾಗಿಸಿ ಕುಳಿತುಕೊಳ್ಳುವಂಥದ್ದು. ಗಂಡ ಸತ್ತ ಮೇಲೆ ಒಬ್ಬರೇ ನಡೆಸಿದ್ದರು, ಮೂಲಂಗಿ ಬೇಯಿಸಿ, ಮೀನು ಸುಟ್ಟು, ಕುಡಿದವರ ಕಥೆ ಕೇಳಿ. ವಸಂತದಲ್ಲಿ ಸರ್ಕಾರದವರು ಮುಚ್ಚಿ ಎಂದರು. ಮುಚ್ಚಿದರು. ಮತ್ತೆ ತೆರೆಯಲಾಗಲಿಲ್ಲ. ತುಂಬಿದ ಬಾಟಲಿ ತೆರೆದು ಕೊಡುತ್ತಿದ್ದವರು ಈಗ ಅದೇ ಕೈಗಳಿಂದ ಖಾಲಿ ಬಾಟಲಿ ತೆಗೆದುಕೊಳ್ಳುತ್ತಿದ್ದರು. ಊರಿನಲ್ಲಿದ್ದ ತಮ್ಮನಿಗೂ ಹೇಳಿರಲಿಲ್ಲವಂತೆ.

ಆ ದಿನ ನಾನೂ ನನ್ನ ಕಥೆ ಹೇಳಿದೆ. ಗಂಡ ಬರಲಾಗದ್ದು, ಮಗಳು, ಮನೆಯಲ್ಲಿ ನಾವಿಬ್ಬರೇ ಇರುವುದು. ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿನಗೆ ಬಂದರೆ ಮಗು ಎಲ್ಲಿ ಹೋಗುತ್ತೆ?"

ಅದೇ ಪ್ರಶ್ನೆ ನನ್ನ ನಿದ್ದೆ ಕೆಡಿಸುತ್ತಿದ್ದುದು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿದರೆ, ನೋಡಿಕೊಳ್ಳುವವರಿಲ್ಲದ ಮಗುವನ್ನು ಸರ್ಕಾರದ ಮಕ್ಕಳ ಕೇಂದ್ರಕ್ಕೆ ಒಯ್ಯುತ್ತಾರೆ ಎಂದು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದರು. ಗುಂಪಿನಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ ಸೋಂಕಿನ ಮನೆಯ ಮಗುವನ್ನು ಒಳಗೆ ಕರೆದುಕೊಳ್ಳಿ ಎಂದು ಯಾರನ್ನು ಕೇಳುವುದು…

ಮರುದಿನದಿಂದ ಅಜ್ಜಿ ನನ್ನನ್ನು ಶೆಡ್ಡಿನೊಳಗೆ ಬಿಡಲಿಲ್ಲ. ಹೊರಗೆ, ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತು ತುಂಬಿದ ಕ್ರೇಟುಗಳನ್ನು ಪೇರಿಸು ಎಂದರು. ಗಿರಾಕಿಗಳಿಂದ ತೆಗೆದುಕೊಳ್ಳುವುದು, ಉಳಿದದ್ದನ್ನು ಸುರಿಯುವುದು, ನೀರು ಹಾಕುವುದು, ಎಲ್ಲವನ್ನೂ ತಾವೇ ಇಟ್ಟುಕೊಂಡರು. ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಹಿಂದಿನ ದಿನ ಎದುರು ಮಾತಾಡಿದ್ದಕ್ಕೆ ಶಿಕ್ಷೆ ಎಂದುಕೊಂಡೆ. ಮನೆಗೆ ಬಂದು ಫೋನಿನಲ್ಲಿ ಗಂಡನ ಬಳಿ ಅವರನ್ನು ಬೈದುಕೊಂಡೆ ಕೂಡ.

ಆಗಸ್ಟಿನ ಒಂದು ಮಧ್ಯಾಹ್ನ ಜೋರು ಮಳೆ ಬಂತು. ಹೊರಗೆ ನಿಲ್ಲಲಾಗದೆ ಒಳಗೆ ಓಡಿದೆ. ಊಟದ ಹೊತ್ತು. ಡಬ್ಬಿಯಲ್ಲಿ ಪುಳಿಯೋಗರೆ ಇತ್ತು. ಅಜ್ಜಿ ಅಕ್ಕಿಯ ಉಂಡೆ ತಂದಿದ್ದರು. ಕ್ರೇಟುಗಳನ್ನು ಬೋರಲು ಹಾಕಿ ಪಕ್ಕಪಕ್ಕ ಕುಳಿತು ಮಾಸ್ಕು ತೆಗೆದೆವು. ಅವರ ಪೂರ್ತಿ ಮುಖವನ್ನು ನಾನು ನೋಡಿದ್ದು ಆಗಲೇ. ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಇಷ್ಟು ದಿನ ಕೋಪದ್ದೆಂದುಕೊಂಡಿದ್ದ ಆ ಕಣ್ಣುಗಳು ಈ ಬಾಯಿಯ ಜೊತೆ ಸೇರಿದಾಗ ಬೇರೆಯೇ ಆಗಿದ್ದವು. ಪುಳಿಯೋಗರೆಯ ಒಂದು ತುತ್ತು ಬಾಯಿಗಿಟ್ಟು, "ಇದು ನನ್ನ ಅಂಗಡಿಯಲ್ಲಿದ್ದಿದ್ದರೆ ಬಿಯರು ಇನ್ನೂ ಹೆಚ್ಚು ಖರ್ಚಾಗುತ್ತಿತ್ತು," ಎಂದು ನಕ್ಕರು. ಮಳೆ ನಿಲ್ಲುವವರೆಗೂ ಕುಳಿತೇ ಇದ್ದೆವು.

ಅದಾಗಿ ಎರಡನೆಯ ದಿನ ಅವರು ಕೆಲಸಕ್ಕೆ ಬರಲಿಲ್ಲ. ಜ್ವರ ಎಂದರು. ಆಮೇಲೆ ಅದೇ ಜ್ವರ ಎಂದರು. ಮ್ಯಾನೇಜರು ನನ್ನನ್ನು ಹೊರಗೆ ಕರೆದು ದೂರ ನಿಂತೇ ಸಮಾಧಾನ ಹೇಳಿದರು. ಆರೋಗ್ಯ ಕೇಂದ್ರದವರು ಯಾರ ಹತ್ತಿರ ಕುಳಿತಿದ್ದಿರಿ, ಯಾರ ಜೊತೆ ತಿಂದಿರಿ ಎಂದು ಆಕೆಯನ್ನು ಕೇಳಿದ್ದಾರೆ. 'ಶೆಡ್ಡಿನಲ್ಲಿ ನಾನೊಬ್ಬಳೇ, ಒಕುಸಾನ್ ಯಾವಾಗಲೂ ಹೊರಗೆ' ಎಂದು ಆಕೆ ಹೇಳಿದ್ದಾರೆ. ಹಾಗಾಗಿ ನಿಮಗೆ ಪರೀಕ್ಷೆ ಬೇಕಿಲ್ಲ ಎಂದರು.

ಬಿಸಿಲಿನಲ್ಲಿ ನಿಲ್ಲಿಸಿದ್ದು ಯಾಕೆಂದು ಆಗ ಅರ್ಥವಾಯಿತು. ಅವರು ಹೇಳಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲವೂ ನಿಜವಾಗಿತ್ತು. ಆ ಮಳೆಯ ಮಧ್ಯಾಹ್ನ ಒಂದನ್ನು ಮಾತ್ರ ನುಂಗಿಕೊಂಡಿದ್ದರು, ನನ್ನ ಮಗಳಿಗಾಗಿ.

ಮನೆಗೆ ಬಂದೆ. ಮಗಳು ಶಾಲೆಯ ಡೇಕೇರಿನಿಂದ ಬಂದು ಚಪ್ಪಲಿ ಬಿಚ್ಚುತ್ತಿದ್ದಳು. ಅಲ್ಲಿ ಇಪ್ಪತ್ತು ಮೂವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಆಡುತ್ತಾರೆ. ಅವರ ಮನೆಗಳಲ್ಲಿ ಅಜ್ಜ ಅಜ್ಜಿಯರಿದ್ದಾರೆ. ನಾನು ಸುಮ್ಮನಿದ್ದರೆ ನಾಳೆಯೂ ಅವಳು ಅಲ್ಲಿಗೇ ಹೋಗುತ್ತಾಳೆ. ಬಾಯಿ ಬಿಟ್ಟರೆ… ಗಂಡನಿಗೆ ಫೋನ್ ಮಾಡಿದೆ. ಅವರು ಅತ್ತರು. "ನಂಗೇನೂ ತೋಚ್ತಿಲ್ಲ ಕಣೇ. ನೀನ್ ಏನ್ ಮಾಡಿದ್ರೂ ಸರಿ," ಎಂದರು. ನಾನು ಮ್ಯಾನೇಜರಿಗೆ ಕರೆ ಮಾಡಿ, ಆ ಮಧ್ಯಾಹ್ನ ಪಕ್ಕದಲ್ಲೇ ಕುಳಿತು ಮಾಸ್ಕಿಲ್ಲದೆ ಊಟ ಮಾಡಿದೆವು ಎಂದು ಹೇಳಿದೆ.

ಪರೀಕ್ಷೆಯಾಯಿತು. ಫಲಿತಾಂಶ ಬರುವವರೆಗೆ ನಾನು ಒಂದು ಕೋಣೆ, ಮಗಳು ಇನ್ನೊಂದು ಕೋಣೆ. ನಡುವೆ ಸರಿಸುವ ಬಾಗಿಲು. ಅನ್ನ ಕಲಸಿ ಬಾಗಿಲ ಬಳಿ ಇಟ್ಟು ಹಿಂದೆ ಸರಿಯುತ್ತಿದ್ದೆ, ಅವಳು ಬಂದು ತೆಗೆದುಕೊಳ್ಳುತ್ತಿದ್ದಳು.

"ಅಮ್ಮ, ಬಾಟಲ್ ಅಜ್ಜಿ ಡೈಜೋಬು?" ಎಂದು ಆ ಕಡೆಯಿಂದ ಕೇಳಿದಳು. ಹುಷಾರಾಗಿದ್ದಾರಾ ಎಂದು.

"ಹುಷಾರಾಗ್ತಾರೆ ಪುಟ್ಟಿ."

"ನೀನು?"

"ನಾನು ಡೈಜೋಬು."

ನನಗೆ ಸೋಂಕು ಇರಲಿಲ್ಲ. ಆದರೂ ಎರಡು ವಾರ ಮನೆಯಲ್ಲೇ ಇರಬೇಕಾಯಿತು. ಆ ನಡುವೆ ಒಂದು ಸಂಜೆ ಆಸ್ಪತ್ರೆಯಿಂದ ಅಜ್ಜಿಯ ಫೋನು ಬಂತು. ಉಸಿರು ಹಿಡಿಯುತ್ತಿತ್ತು. ಆರೋಗ್ಯ ಕೇಂದ್ರದವರು ಆಸ್ಪತ್ರೆಗೇ ಫೋನ್ ಮಾಡಿ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದರಂತೆ, ಮ್ಯಾನೇಜರೂ ಕೇಳಿದರಂತೆ. ಕ್ಷಮೆ ಕೇಳಿದೆ ಎಂದರು. ನಾನೂ 'ಸುಮಿಮಾಸೆನ್' ಎಂದೆ. ಅದಕ್ಕಿಂತ ದೊಡ್ಡ ಮಾತು ನನಗೆ ಆ ಭಾಷೆಯಲ್ಲಿ ಬರುತ್ತಿರಲಿಲ್ಲ.

"ಮಗು ಎಲ್ಲಿದೆ?"

"ಇಲ್ಲೇ, ಮನೆಯಲ್ಲಿ."

"ಹಾಗಾದರೆ ಸರಿ," ಎಂದು ಫೋನಿಟ್ಟರು.

ನಾನು ಕೆಲಸಕ್ಕೆ ಮರಳುವ ಹೊತ್ತಿಗೆ ಅವರು ಆಸ್ಪತ್ರೆಯಲ್ಲೇ ಹೋಗಿಬಿಟ್ಟಿದ್ದರು. ಅಂಗಡಿಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಶೆಡ್ಡಿನೊಳಗೆ ಈಗ ನಾನೊಬ್ಬಳೇ ನಿಂತು ಬಾಟಲಿ ತೆಗೆದುಕೊಳ್ಳುತ್ತಿದ್ದೆ. ಶುಕ್ರವಾರದ ಆ ಗಿರಾಕಿಯೂ ಬಂದ. ಬೇರೆ ಯಾರೂ ಇರಲಿಲ್ಲವಾದ್ದರಿಂದ ಚೀಲವನ್ನು ನೆಲದ ಮೇಲಿಟ್ಟು ದೂರ ನಿಂತ. ಯಾರ ಕೈಗೆ ಇಷ್ಟು ದಿನ ಬಾಟಲಿ ಕೊಟ್ಟೆ ಎಂಬುದು ಅವನಿಗೆ ಗೊತ್ತೇ ಆಗಲಿಲ್ಲ. ನಾನೂ ಹೇಳಲಿಲ್ಲ. ಅವರಿಗೆ ಬೇಡವಾಗಿತ್ತಲ್ಲ.

ಚಳಿ ಶುರುವಾಗುವಾಗ ಅವರ ತಮ್ಮ ಸೆಂಡಾಯ್ ಕಡೆಯಿಂದ ಬಂದರು, ಅಕ್ಕನ ಲಾಕರಿನ ಸಾಮಾನು ಒಯ್ಯಲು. ಜೊತೆಗೆ ಕೆಲಸ ಮಾಡಿದವಳೆಂದು ಮ್ಯಾನೇಜರು ನನ್ನನ್ನು ಕರೆದರು. ತೆಳ್ಳಗಿನ, ಮೆದು ಮಾತಿನ ಮನುಷ್ಯ. ಆಸ್ಪತ್ರೆಯವರು ಮುಖ ನೋಡಲು ಬಿಡಲಿಲ್ಲ, ಬೂದಿಯನ್ನಷ್ಟೇ ಕೈಗೆ ಕೊಟ್ಟರು ಎಂದರು. ಆಮೇಲೆ ಅನುಮಾನದಿಂದಲೇ ಕೇಳಿದರು. "ಅಂಗಡಿ ಚೆನ್ನಾಗಿ ನಡೀತಿದೆ, ಊಟ ಕಟ್ಟಿ ಕೊಡ್ತಿದ್ದೀನಿ ಅಂತಿದ್ದಳು. ಇಲ್ಲಿ ಏನು ಮಾಡುತ್ತಿದ್ದಳು?"

ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹೊಸದಾಗಿ ಬಂದ ಒಂದು ಚೀಲವಿತ್ತು. ಬಾಟಲಿಯ ಅಂಚಿಗೆ ಬೆರಳು ಸುತ್ತಿಸುವುದು ಹೇಗೆಂದು ಮಾಡಿ ತೋರಿಸಿದೆ. ನನ್ನನ್ನು ಹೊರಗೆ ನಿಲ್ಲಿಸಿದ್ದನ್ನೂ ಫೋನಿನಲ್ಲಿ ಮಗುವನ್ನು ಕೇಳಿದ್ದನ್ನೂ ನನಗೆ ಬಂದ ಭಾಷೆಯಲ್ಲಿ ಹೇಳಿದೆ. ಅವರು ನೆಲ ನೋಡುತ್ತ ಕೇಳಿಸಿಕೊಂಡರು. ಕೊನೆಗೆ, "ಚಿಕ್ಕಂದಿನಲ್ಲಿ ನನಗೂ ಹೊಡೆಯುತ್ತಿದ್ದಳು," ಎಂದರು. ಅಜ್ಜಿ ನನಗೆ ಹೊಡೆದದ್ದನ್ನು ನಾನು ಹೇಳಿಯೇ ಇರಲಿಲ್ಲ.

ಅದೇ ಚಳಿಗಾಲದಲ್ಲಿ ನನ್ನ ಗಂಡ ವಾಪಸು ಬಂದರು. ಈಗ ಅವರ ಕೆಲಸ ಟೋಕಿಯೋ ಆಚೆಯ ಸಗಮಿಹಾರಾದಲ್ಲಿ, ಮನೆಯೂ ಇಲ್ಲೇ. ಮಗಳು ನನ್ನ ಭುಜಕ್ಕೆ ಬಂದಿದ್ದಾಳೆ. ಆ ಬೇಸಿಗೆಯ ವಿಷಯ ಎತ್ತಿದರೆ ಸರಿಸುವ ಬಾಗಿಲು ಮಾತ್ರ ನೆನಪಿದೆ ಎನ್ನುತ್ತಾಳೆ. ಅಜ್ಜಿಯನ್ನು ಅವಳು ನೋಡಲೇ ಇಲ್ಲ. ಮ್ಯಾನೇಜರಿಗೆ ಅಂದು ಫೋನ್ ಮಾಡಿದ್ದು ಸರಿಯೆಂದೇ ಇವತ್ತಿಗೂ ನನಗನ್ನಿಸುತ್ತದೆ. ಆದರೆ ನನಗಾಗಿ ಹೇಳಿದ ಒಂದು ಸುಳ್ಳಿಗೆ ಅವರು ಆಸ್ಪತ್ರೆಯ ಹಾಸಿಗೆಯಲ್ಲಿ, ಉಸಿರು ಸಾಲದೆ, ಒಬ್ಬೊಬ್ಬರ ಕ್ಷಮೆ ಕೇಳಿದರಲ್ಲ… ಸರಿ ಎಂಬ ಮಾತು ಅಲ್ಲಿಗೆ ತಲುಪುವುದಿಲ್ಲ.

ಒಂದು ದಿನವಾದರೂ ಅವರನ್ನು ಮನೆಗೆ ಕರೆದು, ಮಗಳ ಪಕ್ಕ ಕೂರಿಸಿ, ಬಿಸಿ ಅನ್ನ ಬಡಿಸಬೇಕಿತ್ತು. ಆ ವರ್ಷ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ.