ಸೊನ್ನೆಯ ಜಾಗಕ್ಕೆ ಲಾಭ

ಸೊಸೆಗೆ ಕಣ್ಣು ಬೇನೆ ಬಂದದ್ದು ಸರಿಯಾಗಿ ಪರೀಕ್ಷೆಯ ವಾರದಲ್ಲಿ. ಮೂರು ತಿಂಗಳಿನಿಂದ ಮನೆಯಲ್ಲೇ ಕೂತು ಒಂದು ಕಂಪನಿಯ ಕೆಲಸ ಮಾಡುತ್ತಿದ್ದಳು. ಪರೀಕ್ಷೆ ಎಂದರೆ ಇಷ್ಟೇ, ಅಂದು ಸಂಜೆ ನಾಲ್ಕರೊಳಗೆ ಒಪ್ಪಿಸಿದ ಕೆಲಸ ಸರಿ ಇದ್ದರೆ ನೌಕರಿ ಕಾಯಂ, ಇಲ್ಲದಿದ್ದರೆ ಇಲ್ಲ. ಗಡುವನ್ನು ಆಗಲೇ ಒಮ್ಮೆ ಮುಂದೆ ಹಾಕಿಸಿಕೊಂಡಿದ್ದಳು. ಇನ್ನೊಮ್ಮೆ ಕೇಳುವ ಹಾಗಿರಲಿಲ್ಲ.

ಕೆಲಸ ಏನೆಂದು ನನಗೆ ಅರ್ಥವಾಗುವ ಹಾಗೆ ಅವಳೇ ಹೇಳಿದ್ದಳು. ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವಾಗ ಪ್ರತಿ ಮಾತಿನ ಜೊತೆಗೂ ಎಂಟು ಗುರುತು ಹೋಗುತ್ತವಂತೆ.

"ನಮ್ಮ ಜಗಲಿ ಸ್ವಿಚ್ ಬೋರ್ಡ್ ಇಲ್ವಾ ಅತ್ತೆ, ಹಂಗೆ. ಎಂಟು ಸ್ವಿಚ್ಚು. ಒಂದು ಹಾಕಿದ್ರೆ 'ಮಾತು ಮುಗೀತು' ಅಂತ. ಅದರ ಪಕ್ಕದ್ದು ಹಾಕಿದ್ರೆ 'ಒಳಗೆ ಬರ್ಲಾ' ಅಂತ. ಅದರಾಚೆದು ಹಾಕಿದ್ರೆ ಮುಖಕ್ಕೆ ಬಾಗ್ಲು ಬಡಿದಂಗೆ."

ಯಾವ ಹೆಸರಿನ ಗುರುತು ಯಾವ ಜಾಗದ್ದು ಎಂದು ಅವಳು ಬರೆದಿಡಬೇಕು. ಪ್ರೋಗ್ರಾಮು ಬರೆಯುವ ಉಳಿದವರು ಅದನ್ನೇ ಎತ್ತಿ ಬಳಸುತ್ತಾರೆ. ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಒಂದು ಪುಸ್ತಕವೂ ಇಲ್ಲ.

ಕಣ್ಣು ಊದಿ ಕೆಂಪಾಗಿ ಅವಳಿಗೆ ಎರಡು ನಿಮಿಷ ಪರದೆ ನೋಡಿದರೆ ನೀರು ಸುರಿಯುತ್ತಿತ್ತು. ಬೆರಳುಗಳಿಗೆ ಮಾತ್ರ ಕೀಲಿಗಳ ಜಾಗ ಗೊತ್ತಿತ್ತು. ಹಾಗಾಗಿ ಓದಿ ಹೇಳಲು ಗುರುತುಗಳ ಹೆಸರಿನ ಹಾಳೆ ನನ್ನ ಕೈಗೆ ಬಂತು.

"ಎಣಿಕೆ ಸೊನ್ನೆಯಿಂದ ಅತ್ತೆ. ಮೊದಲನೇ ಹೆಸರಿಗೆ ಸೊನ್ನೆ."

"ಸೊನ್ನೆಯಿಂದ ಯಾರಾದ್ರೂ ಎಣಿಸ್ತಾರೇನವ್ವ?"

"ಕಂಪ್ಯೂಟರ್ ಎಣಿಸುತ್ತೆ."

ನಾನು ವಿಭೂತಿ ಹಚ್ಚಿಕೊಂಡು ಕೂತು, ಒಂದೊಂದೇ ಅಕ್ಷರ ಕೂಡಿಸಿ ಎಂಟು ಹೆಸರನ್ನೂ ಎಣಿಸುತ್ತ ಓದಿದೆ. ಅವಳು ಕಣ್ಣು ಮುಚ್ಚಿಕೊಂಡೇ ಒತ್ತಿದಳು.

ಮಿಕ್ಕ ಕೆಲಸ ಮುಗಿಸಿ, ಮೂರು ಗಂಟೆ ದಾಟಿದ ಮೇಲೆ ಪರೀಕ್ಷಿಸಿ ನೋಡಿದಳು. ಪರದೆ ತುಂಬ ಕೆಂಪು ಸಾಲುಗಳು.

"ಒಳಗೆ ಬರ್ಲಾ ಅಂತ ಕಳಿಸಿದ್ರೆ ಬಾಗ್ಲು ಬಡಿಯೋ ಗುರುತು ಹೋಗ್ತಿದೆ. ಕೊನೇದಕ್ಕಂತೂ ಜಾಗಾನೇ ಇಲ್ಲ ಅಂತಿದೆ. ಎಲ್ಲೋ ಲೆಕ್ಕ ಹಾಕೋದ್ರಲ್ಲೇ ತಪ್ಪಿದೀನಿ."

ಪರದೆಗೆ ಮುಖ ತಾಗುವಷ್ಟು ಬಾಗಿ ಮೇಲಿಂದ ಕೆಳಗೆ ಹುಡುಕತೊಡಗಿದಳು. ಕಣ್ಣಿಗೆ ಹನಿ ಬಿಟ್ಟರೆ ಹತ್ತು ನಿಮಿಷ ಮಬ್ಬು, ಬಿಡದಿದ್ದರೆ ಉರಿ. ಕರೆಂಟು ಎರಡಕ್ಕೇ ಹೋಗಿತ್ತು. ಮೂಲೆಯ ಯುಪಿಎಸ್ ಆಗಾಗ ಕುಂಯ್ ಎನ್ನುತ್ತಿತ್ತು. ಅದು ಇನ್ನೂ ಕುಂಯ್ ಎನ್ನುತ್ತಿರುವುದೇ ಶಿವನ ದಯೆ ಅಂದುಕೊಂಡೆ. ಮೂರೂ ಇಪ್ಪತ್ತೈದು ಆಯಿತು. ಬರೆದದ್ದನ್ನು ಅಳಿಸಿದಳು, ಮತ್ತೆ ಬರೆದಳು. ಕೆಂಪು ಹೋಗಲಿಲ್ಲ. "ನನ್ನ ಕೈಲಿ ಆಗಲ್ಲ ಬಿಡಿ ಅತ್ತೆ" ಎಂದು ಕೈ ಚೆಲ್ಲಿದಳು. ಕೆನ್ನೆಯ ಮೇಲಿನ ನೀರು ಬೇನೆಯದೋ ಅಳುವೋ ತಿಳಿಯಲಿಲ್ಲ.

ಅಂಗಳದಲ್ಲಿ ನಮ್ಮೆಜಮಾನರು ಪಕ್ಕದ ಮನೆಯವರಿಗೆ ಬಿತ್ತನೆ ಭತ್ತ ಅಳೆದು ಕೊಡುತ್ತಿದ್ದರು. ಬಳ್ಳದಿಂದ ಸುರಿದ ಭತ್ತದ ಸದ್ದು, ಹಿಂದೆಯೇ ಅವರ ಗಂಟಲು:

"ಲಾಭ… ಎರಡು… ಮೂರು…"

ನಾನೂ ಹಾಗೇ ಎಣಿಸಿದ್ದೆ.

ನಮ್ಮಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಚಿಕ್ಕಂದಿನಿಂದ ಬಾಯಿಗೆ ಅಂಟಿದ್ದು. ಸೊನ್ನೆ ಎನ್ನಲು ನಾಲಿಗೆ ಹಿಂಜರಿಯಿತು, ಲಾಭ ಎಂದಿತು, ಮುಂದಿನದಕ್ಕೆ ತಾನಾಗಿ ಎರಡು ಎಂದಿತು. ಸೊಸೆ ಮೈಸೂರಿನಲ್ಲಿ ಬೆಳೆದವಳು, ಭತ್ತ ಅಳೆಯುವುದನ್ನು ಕಂಡವಳಲ್ಲ. ಸೊನ್ನೆ ಅಶುಭವೆಂದು ಅತ್ತೆ ಲಾಭ ಎಂದರು ಅಂದುಕೊಂಡು ಅಲ್ಲಿ ಸೊನ್ನೆ ಒತ್ತಿದ್ದಾಳೆ. ಎರಡಕ್ಕೆ ಎರಡು. ನಡುವಿನ ಒಂದು ಎಲ್ಲಿ ಹೋಯಿತು?

ಅವಳ ಮೂರು ತಿಂಗಳ ದುಡಿಮೆಗೆ ನನ್ನ ನಾಲಿಗೆ ಕಲ್ಲು ಹಾಕಿದೆಯಲ್ಲ ಎಂದು ನಾಚಿಕೆ. ದೇವರ ಗೂಡಿನ ಕಡೆ ನೋಡಿದೆ. ಗಡಿಯಾರ ಅದರ ಮೇಲೆಯೇ ಇತ್ತು. ಮೂರೂ ಮೂವತ್ತೆಂಟು.

"ನಿಲ್ಲಿಸ್ರೀ!" ಎಂದು ಮೊದಲು ಅಂಗಳಕ್ಕೆ ಕೂಗಿದೆ. ಯಾಕೆ ಅವರನ್ನು ಕೂಗಿದೆನೋ, ಇಂದಿಗೂ ಗೊತ್ತಿಲ್ಲ. ಆಮೇಲೆ ಸೊಸೆಗೆ ಹೇಳಿದೆ: "ನಿಂದಲ್ಲ ಕಣವ್ವ ತಪ್ಪು, ನಂದು. ಲಾಭ ಅಂದ್ರೆ ಸೊನ್ನೆ ಅಲ್ಲ, ಒಂದು."

ಅವಳು ಊದಿದ ಕಣ್ಣು ತೆರೆದು ನನ್ನನ್ನೇ ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು. "ಓದಿ ಅತ್ತೆ. ಬೇಗ" ಎಂದಳು ಅಷ್ಟೇ.

ಶಿವನೇ ಎಂದು ಮನಸ್ಸಿನಲ್ಲೇ ಹೇಳಿ, ಬಾಯಿ ಬಿಟ್ಟು ಸೊನ್ನೆ ಎಂದೆ. ಒಂದೊಂದು ಅಂಕಿಗೂ ಅವಳು "ಹೂಂ" ಎಂದಮೇಲೆಯೇ ಮುಂದಿನದು. ಏಳಕ್ಕೆ ಹಾಳೆ ಮುಗಿಯಿತು. ಎಂಟನೆಯ ಹೆಸರಿಗೆ ಜಾಗ ಸಿಕ್ಕಿತ್ತು.

ಕೆಂಪು ಹೋಗಿ ಹಸಿರು ಬರುವಾಗ ಮೂರೂ ಐವತ್ತು. ಕಳಿಸುವಾಗ ನೆಟ್‌ವರ್ಕ್ ಕೈಕೊಟ್ಟಿತು. ಮೊಬೈಲನ್ನು ಕಿಟಕಿಯಾಚೆ ಚಾಚಿ ಹಿಡಿದು ನಿಂತೆ. ಕೈ ಸೋತರೂ ಇಳಿಸಲಿಲ್ಲ. ನಾಲ್ಕಕ್ಕೆ ನಾಲ್ಕು ನಿಮಿಷವಿದ್ದಾಗ ಹೋಯಿತು.

ಉತ್ತರ ಬರಲು ಅರ್ಧ ಗಂಟೆ. ಯಜಮಾನರೂ ಬಂದು ಹೊಸ್ತಿಲ ಮೇಲೆ ಕೂತಿದ್ದರು. ನನಗೆ ಎದ್ದು ಕಾಫಿ ಕಾಯಿಸಲೂ ಧೈರ್ಯವಿರಲಿಲ್ಲ. ಕೊನೆಗೆ ಮೊಬೈಲು ಸದ್ದು ಮಾಡಿತು. ಸೊಸೆ ಅದನ್ನು ನನ್ನ ಕೈಗೇ ಕೊಟ್ಟಳು, "ನೀವೇ ಓದಿ." ಎಲ್ಲ ಸರಿಯಾಗಿದೆ, ಮುಂದಿನ ತಿಂಗಳಿಂದ ಕಾಯಂ ಎಂದಿತ್ತು. ಎರಡು ಸಲ ಓದಿಸಿಕೊಂಡಳು.

"ನಿನ್ನ ಕೂಗಿಗೆ ನನ್ನ ಲೆಕ್ಕ ಹಾಳಾಯ್ತಲ್ಲೇ. ಎಲ್ಲಾ ಮೊದಲಿಂದ ಅಳೀಬೇಕು" ಎಂದು ಗೊಣಗುತ್ತ ಯಜಮಾನರು ಅಂಗಳಕ್ಕಿಳಿದರು. ಬಳ್ಳ ತುಂಬಿದ ಸದ್ದು ಬಂತು.

"ಲಾಭ…"

ಒಳಗೆ ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ ಸೊಸೆ ಅಲ್ಲಿಂದಲೇ ಕೂಗಿದಳು, "ಮಾವ, ಅದು ಒಂದು!"