ಶನಿವಾರ ಕೊಟ್ಟ ಪೊಟ್ಟಣ

ಅಂಕಲ್, ನೀವು ಮರೆತಿರಲಿಲ್ಲ. ಸವಿತಾಳ ತಾಯಿಯ ಬಿ.ಪಿ. ಮಾತ್ರೆಗಳ ಪೊಟ್ಟಣವನ್ನು ನೀವು ಶನಿವಾರ ಬೆಳಿಗ್ಗೆಯೇ ನನ್ನ ಕೈಗೆ ಕೊಟ್ಟಿದ್ದಿರಿ. ಭಾನುವಾರ ಕೊಟ್ಟಿರಿ ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳನ್ನು ನಿಮ್ಮ ತಲೆಯ ದೋಷವೆಂದು ನಂಬಿ ನೀವು ಎಂಟು ವರ್ಷ ಬದುಕಿದ್ದೀರಿ. ಇಷ್ಟು ಬರೆಯಲು ನನಗೂ ಎಂಟು ವರ್ಷ ಹಿಡಿಯಿತು.

ಆ ಶನಿವಾರವನ್ನು ಇದ್ದದ್ದು ಇದ್ದ ಹಾಗೆ ನಿಮಗೆ ಹಿಂದಿರುಗಿಸಬೇಕು. ನೀವು ಹಿಂದಿನ ಸಂಜೆಯಷ್ಟೇ ಬೆಂಗಳೂರಿನಿಂದ ಬಂದಿದ್ದಿರಿ, ಒಬ್ಬರೇ. ಆಂಟಿ ಮಗಳ ಬಾಣಂತನಕ್ಕೆ ಅಲ್ಲೇ ಉಳಿದಿದ್ದರು. ಡಲ್ಲಾಸ್ ಪಕ್ಕದ ಸೌತ್‌ಲೇಕಿನ ನಿಮ್ಮ ಹಾಲಿನಲ್ಲಿ ಎರಡು ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು. ಒಂದರಲ್ಲಿ ನಿಮ್ಮ ಬಟ್ಟೆ, ಇನ್ನೊಂದರ ತುಂಬ ಊರವರ ಸಾಮಾನು—ಯಾರದೋ ಹುಳಿಪುಡಿ, ಯಾರದೋ ಕನ್ನಡಕ, ಯಾವುದೋ ಕೂಸಿನ ಬೆಳ್ಳಿ ಉಡಿದಾರ. ಡಲ್ಲಾಸ್‌ನಿಂದ ಆಸ್ಟಿನ್‌ವರೆಗೆ ನಮ್ಮವರಿಗೆಲ್ಲ ನೀವೇ ಅಂಚೆಯವರು. ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ತೂಕ ಹೆಚ್ಚಾದರೆ ನಿಮ್ಮ ಬಟ್ಟೆಯನ್ನೇ ತೆಗೆದಿಡುತ್ತಿದ್ದಿರಿ.

ಪೊಟ್ಟಣ ಒಯ್ಯಲೆಂದು ಬಂದಿದ್ದ ನಾನು ನೀವೇ ಮಾಡಿದ ಉಪ್ಪಿಟ್ಟನ್ನು ತಿಂದೆ. ತಳ ಹಿಡಿದಿತ್ತು. ಹೊರಡುವಾಗ ಪೊಟ್ಟಣ ಕೊಟ್ಟು, "ಇದನ್ನ ಮೊದಲು ತಲುಪಿಸಮ್ಮ. ಆಯಮ್ಮ ಅರ್ಧರ್ಧ ಮಾತ್ರೆ ನುಂಗ್ತಾ ಕೂತಿದಾರಂತೆ" ಅಂದಿರಿ. ಆಗ ಬೆಳಿಗ್ಗೆ ಹತ್ತೂವರೆ. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಸವಿತಾಳ ಮನೆ ನನ್ನ ಮನೆಯಿಂದ ಎರಡೇ ಬೀದಿ ಆಚೆ. ನೆಟ್ಟಗೆ ಹೊರಟಿದ್ದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಅವಳ ಬಾಗಿಲಲ್ಲಿ ಇರುತ್ತಿದ್ದೆ.

ನಾನು ನೆಟ್ಟಗೆ ಹೋಗಲಿಲ್ಲ. ನಾನು ಬಾಜಿ ಕಟ್ಟುತ್ತಿದ್ದೆ, ಅಂಕಲ್. ಬಾಸ್ಕೆಟ್‌ಬಾಲ್ ಆಟದ ಮೇಲೆ—ಅದೂ ಯಾರು ಗೆಲ್ಲುತ್ತಾರೆ ಎಂದಲ್ಲ. ಎರಡೂ ತಂಡಗಳ ಪಾಯಿಂಟು ಕೂಡಿದರೆ ಎಷ್ಟಾದೀತು ಎಂದು. ಆಟಕ್ಕೆ ಮೊದಲೇ ಒಂದು ಸಂಖ್ಯೆ ಹೇಳುತ್ತಾರೆ, ನೂರ ಎಂಬತ್ತನಾಲ್ಕೂವರೆ ಎಂದಿಟ್ಟುಕೊಳ್ಳಿ. ಮೊತ್ತ ಅದನ್ನು ದಾಟುತ್ತದೋ ಇಲ್ಲವೋ, ಅಷ್ಟೇ ಬಾಜಿ. ನಾನು ಯಾವಾಗಲೂ ದಾಟುವುದಿಲ್ಲ ಎಂದೇ ಕಟ್ಟುವವಳು. ಯಾವ ತಂಡವೂ ನನ್ನದಲ್ಲ, ಯಾರು ಗೆದ್ದರೂ ನನಗೆ ಒಂದೇ. ಅಷ್ಟೂ ಜನ ಎದ್ದು ಕೂಗುವಾಗ, ಚೆಂಡು ಬುಟ್ಟಿಗೆ ಬೀಳದಿರಲಿ ಎಂದು ಹಲ್ಲು ಕಚ್ಚಿ ಕೂರುವುದು—ಅದೊಂದು ಕೆಟ್ಟ ಸುಖ. ಯಾರ ಪರವೂ ನಿಲ್ಲದೆ ಕೂತು ಕೂತು ನನಗೆ ಅದೇ ಅಭ್ಯಾಸವಾಗಿತ್ತೇನೋ.

ಅಂದು ಮಧ್ಯಾಹ್ನ ಒಂದು ಆಟವಿತ್ತು. ಡಲ್ಲಾಸ್ ದಾಟುವ ಮೊದಲು ಹೆದ್ದಾರಿ ಪಕ್ಕದ, ಗೋಡೆ ತುಂಬ ಟಿ.ವಿ. ಇದ್ದ ಹೋಟೆಲಿನಲ್ಲಿ ಕಾರು ನಿಲ್ಲಿಸಿದೆ. ಮುಗಿಸಿ ಹೊರಟರೂ ಸಂಜೆಗೆ ತಲುಪುತ್ತೇನೆ ಎಂದುಕೊಂಡೆ. ಎರಡೇ ಪಾಯಿಂಟಿನಲ್ಲಿ ಸೋತೆ. ಸೋತು ಕೂತಿದ್ದಾಗಲೇ ಸವಿತಾಳ ಫೋನು ಬಂತು.

"ರೇಣು, ಗುಳಿಗಿ ಸಿಕ್ಕಾವೇನು? ಅವ್ವನ ಹತ್ರ ಇದ್ದವು ಗುರುವಾರನ ಮುಗದಾವ. ತಲಿ ಸಿಡೀತದ ಅಂತಾಳ."

ಪೊಟ್ಟಣ ಕಾರಿನ ಮುಂದಿನ ಸೀಟಿನಲ್ಲಿತ್ತು. ಕಿಟಕಿಯಿಂದ ಕಾರು ಕಾಣುತ್ತಿತ್ತು. ನನ್ನ ಬಾಜಿ ಹಿಡಿಯುವವನು ಹ್ಯೂಸ್ಟನ್‌ನಲ್ಲಿದ್ದ, ಹಳೆಯ ಸಹಪಾಠಿ. ಸೋತದ್ದನ್ನು ಕೈಯಾರೆ ತಂದುಕೊಡದೆ ಮುಂದಿನ ಬಾಜಿ ಒಪ್ಪುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಇನ್ನೊಂದು ಆಟವಿತ್ತು. ಅಷ್ಟೂ ಲೆಕ್ಕ ಒಂದು ಉಸಿರಿನಲ್ಲಿ ಮುಗಿದು ಬಾಯಿ ತಾನಾಗಿ ಆಡಿತು.

"ಅಂಕಲ್ ಇನ್ನೂ ಸೂಟ್‌ಕೇಸ್ ಬಿಚ್ಚಿಲ್ಲ ಕಣೆ. ನಾಳೆ ಕೊಡ್ತಾರಂತೆ, ತಗೊಂಡೇ ಬರ್ತೀನಿ."

"ಹಂಗಾರ ಅವ್ವನ್ನ ಡಾಕ್ಟರ್ ಕಡೆ ಕರಕೊಂಡು ಹೋಗ್ಲೇನು?"

"ಇನ್ಶೂರೆನ್ಸ್ ಬೇರೆ ಇಲ್ಲ. ಒಂದು ದಿನಕ್ಕೆ ಏನಾಗಲ್ಲ ಬಿಡು."

ಆರು ತಿಂಗಳ ವೀಸಾಕ್ಕೆ ಆರು ತಿಂಗಳ ಮಾತ್ರೆ ಕಟ್ಟಿಕೊಂಡು ಬಂದಿದ್ದ ಹೆಂಗಸು. ಮೊಮ್ಮಗಳು ಹುಟ್ಟಿದ ಮೇಲೆ ಉಳಿಯುವುದು ಮುಂದಕ್ಕೆ ಹೋಯಿತು. ಇಲ್ಲಿನ ಡಾಕ್ಟರ ಫೀಸು ಕೇಳಿದರೆ ನಾವೆಲ್ಲ ಹೆದರುತ್ತಿದ್ದೆವು. ಊರಿಂದ ಬರುವವರ ಕೈಲಿ ಮಾತ್ರೆ ತರಿಸುವುದು, ಬರುವವರೆಗೆ ಅರ್ಧ ಮಾಡಿ ನುಂಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಸವಿತಾ ಆ ದಿನ ಅದನ್ನು ಬಿಟ್ಟು ಡಾಕ್ಟರ ಹತ್ತಿರ ಹೊರಟಿದ್ದಳು. ತಡೆದವಳು ನಾನು.

ಹ್ಯೂಸ್ಟನ್ ದಾರಿಯಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಪೊಟ್ಟಣ ಜಾರಿ ಕೆಳಗೆ ಬೀಳುತ್ತಿತ್ತು, ಎತ್ತಿ ಸೀಟಿನ ಮೇಲಿಡುತ್ತಿದ್ದೆ. ಭಾನುವಾರದ ಆಟವನ್ನು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಅವನ ಮನೆಯಲ್ಲೇ ನೋಡಿದೆ. ಕೊನೆಗೆ ಎರಡು ಸೆಕೆಂಡು ಉಳಿದಾಗ ಎಂಬತ್ತೆಂಟು, ಎಂಬತ್ತಾರು. ಮೊತ್ತ ನನ್ನ ಸಂಖ್ಯೆಗಿಂತ ಕೆಳಗೇ ಇತ್ತು, ನಾನು ಗೆದ್ದ ಹಾಗೆಯೇ. ಆಗ ಹಿಂದೆ ಬಿದ್ದಿದ್ದ ತಂಡದವನೊಬ್ಬ ದೂರದಿಂದ ಎಸೆದ. ಗೆರೆಯಾಚೆಯಿಂದ ಎಸೆದಿದ್ದರೆ ಮೂರು ಪಾಯಿಂಟು ಸಿಕ್ಕಿ ಆಟ ಅಲ್ಲೇ ಮುಗಿಯುತ್ತಿತ್ತು, ಗೆರೆಯ ಮೇಲೆ ಕಾಲಿಟ್ಟಿದ್ದರಿಂದ ಅದಕ್ಕೆ ಎರಡೇ ಪಾಯಿಂಟು. ಆಟ ಸಮವಾಯಿತು. ಸಮವಾದರೆ ಇನ್ನೂ ಐದು ನಿಮಿಷ ಆಡಿಸುತ್ತಾರೆ, ಆ ಐದು ನಿಮಿಷದಲ್ಲಿ ಮೊತ್ತ ನನ್ನ ಸಂಖ್ಯೆಯನ್ನು ದಾಟಿ ಎಲ್ಲಿಗೋ ಹೋಯಿತು. ಅಲ್ಲೇ ಉಳಿದು ಸೋಮವಾರ ಬೆಳಿಗ್ಗೆ ಹೊರಟೆ.

ಸವಿತಾಳ ಮನೆಗೆ ಬೀಗ ಹಾಕಿತ್ತು, ಆಸ್ಪತ್ರೆಗೆ ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕಳು, ಹೆಗಲ ಮೇಲೆ ಮಗು. ಅವಳ ತಾಯಿಗೆ ಬೆಳಗಿನ ಜಾವ ಸ್ಟ್ರೋಕ್ ಆಗಿತ್ತು. ಬಲಗೈ ಹೋಗಿತ್ತು, ಮಾತು ಹೋಗಿತ್ತು. ಪೊಟ್ಟಣ ನೋಡಿ ಅವಳು ಕೇಳಿದ್ದು ಒಂದೇ: "ಯಾವಾಗ ಕೊಟ್ರು?" ನಾನು "ನಿನ್ನೆ ಸಂಜೆ" ಅಂದೆ. ಅವಳು ಅಲ್ಲಿಂದಲೇ ನಿಮಗೆ ಫೋನ್ ಮಾಡಿದಳು. "ಒಂದು ಸೂಟ್‌ಕೇಸ್ ಬಿಚ್ಚಾಕ ಎರಡು ದಿನ ಬೇಕಾತೇನ್ರಿ ಅಂಕಲ್?" ಅಷ್ಟು ಹೇಳಿ ಇಟ್ಟುಬಿಟ್ಟಳು. ನಾನು ಅವಳ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದೆ.

ಅಂದು ಸಂಜೆ ನೀವು ನನಗೆ ಫೋನ್ ಮಾಡಿದಿರಿ. ಬೈಯಲು ಅಲ್ಲ, ಕೇಳಲು.

"ರೇಣು, ನಾನು ಶನಿವಾರ ಕೊಟ್ಟೆ ಅಲ್ವೇನಮ್ಮ? ನೀನು ಉಪ್ಪಿಟ್ಟು ತಿಂದೆ, ಆಮೇಲೆ ಕೊಟ್ಟೆ."

ಇಲ್ಲಿ—ಇಲ್ಲಿ ಒಂದು ಹೂಂ ಅಂದಿದ್ದರೆ ಸಾಕಿತ್ತು. ಆಸ್ಪತ್ರೆಯಲ್ಲಿ ಆಡಿದ್ದು ಹೆದರಿಕೆಯ ಸುಳ್ಳು ಎನ್ನಬಹುದಿತ್ತು. ಇದು ಹಾಗಲ್ಲ. ಇದಕ್ಕೆ ನನಗೆ ಇಡೀ ದಿನ ಸಮಯವಿತ್ತು.

"ಇಲ್ಲ ಅಂಕಲ್. ಉಪ್ಪಿಟ್ಟು ತಿಂದಿದ್ದು ಶನಿವಾರ. ರಾತ್ರಿ ಡಲ್ಲಾಸ್‌ನಲ್ಲೇ ಉಳಿದು, ಭಾನುವಾರ ಮತ್ತೆ ಬಂದು ಪೊಟ್ಟಣ ತಗೊಂಡೆ. ಜೆಟ್‌ಲ್ಯಾಗ್ ಅಲ್ವಾ, ಮರೆತಿರಬೇಕು."

"ಹಾಗಾದ್ರೆ ನನ್ನ ತಲೇನೇ ಕೆಟ್ಟಿದೆ. ನೀನು ಯಾಕೆ ಸುಳ್ಳು ಹೇಳ್ತೀಯ" ಅಂದಿರಿ. ಮರುದಿನ ಆಸ್ಟಿನ್‌ಗೆ ಬಂದು, ಮಗಳ ವಯಸ್ಸಿನ ಸವಿತಾಳ ಮುಂದೆ ಕೈಮುಗಿದಿರಿ. ಅವಳು ಮುಖ ತಿರುಗಿಸಿದಳು.

ಆಮೇಲೆ ಯಾರೂ ನಿಮ್ಮ ಕೈಗೆ ಏನನ್ನೂ ಕೊಡಲಿಲ್ಲ. ಯುಗಾದಿ ಊಟದಲ್ಲಿ ನಾಲ್ಕು ಜನ ಹೇಳಿದ್ದನ್ನು ಕೇಳಿದ್ದೇನೆ, ಪಾಪ, ಅವರಿಗೆ ಮರೆವು ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು. ಅನ್ನಕ್ಕೆ ಸಾರು ಕಲೆಸುತ್ತ ಕೂತಿದ್ದೆ. ನೀವು ಹೆದ್ದಾರಿಯಲ್ಲಿ ಕಾರು ಓಡಿಸುವುದನ್ನು ಬಿಟ್ಟಿರಿ. ಆಂಟಿ ನಿಮಗೆ ಒಲೆ ಹಚ್ಚಲು ಬಿಡಲಿಲ್ಲ. ಸವಿತಾಳ ತಾಯಿಯನ್ನು ಗಾಲಿಕುರ್ಚಿಯಲ್ಲಿ ಧಾರವಾಡಕ್ಕೆ ಕಳಿಸಿದರು, ಎರಡು ವರ್ಷದ ಮೇಲೆ ತೀರಿಕೊಂಡರು. ಮಾತ್ರೆ ಶನಿವಾರವೇ ತಲುಪಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳಲಾಗದು ಅಂದರು ಡಾಕ್ಟರು. ಆ ಮಾತಿನ ನೆರಳಲ್ಲಿ ಬಹಳ ದಿನ ಅಡಗಿದ್ದೆ. ಬಾಜಿಯನ್ನೂ ಕೂಡಲೇ ಬಿಡಲಿಲ್ಲ, ಮತ್ತೂ ಒಂದು ವರ್ಷ ಕಟ್ಟಿದೆ. ನನಗೇ ನನ್ನ ಮೇಲೆ ಹೇಸಿಗೆ.

ಕಳೆದ ತಿಂಗಳು ನಿಮ್ಮ ಮನೆಗೆ ಬಂದಿದ್ದೆ. ಆಂಟಿ ಮಾಡಿದ ಚಟ್ನಿಪುಡಿಯ ಡಬ್ಬಿ ನನ್ನ ಕೈಗೆ ಕೊಟ್ಟು, ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದಿರಿ. ನಿಮ್ಮ ಮನೆಯಿಂದ ಯಾರಿಗೆ ಏನು ಕೊಟ್ಟಿರಿ, ಯಾವ ವಾರ, ಎಷ್ಟು ಗಂಟೆಗೆ—ಪುಟ ಪುಟ ಅದೇ, ಪ್ರತಿಯೊಂದರ ಮುಂದೆಯೂ ತೆಗೆದುಕೊಂಡವರ ಸಹಿ. "ಇಲ್ಲೊಂದು ಸಹಿ ಹಾಕಮ್ಮ" ಅಂದಿರಿ. "ನಿನ್ನ ಮೇಲೆ ಅನುಮಾನ ಅಲ್ಲ. ನನ್ನ ಮೇಲೆ ನಂಗೆ." ನಾನು ಸಹಿ ಹಾಕಿದೆ. ಮನೆಗೆ ಬಂದು ಆ ಡಬ್ಬಿಯನ್ನು ತೆರೆಯಲಾಗಲಿಲ್ಲ.

ಇದರ ಪ್ರತಿಯನ್ನು ಇಂದೇ ಸವಿತಾಳಿಗೆ ಕೊಡುತ್ತೇನೆ. ಅವಳು ಏನು ಮಾಡುತ್ತಾಳೋ ಅದು ಅವಳಿಗೆ ಬಿಟ್ಟದ್ದು. ಶನಿವಾರ ಬೆಳಿಗ್ಗೆ ಸೌತ್‌ಲೇಕಿಗೆ ಬಂದು, ಆಂಟಿಯ ಎದುರಿಗೇ ನಿಮಗೆ ಓದಿ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಓದಿ ಮುಗಿಸಿದ ಮೇಲೆ ಆ ಪುಸ್ತಕದ ಮೊದಲ ಪುಟದಲ್ಲಿ ಜಾಗ ಮಾಡಿಕೊಂಡು ನೀವೇ ಬರೆಯಿರಿ, ಅಂಕಲ್: ಮಾತ್ರೆಯ ಪೊಟ್ಟಣ, ಶನಿವಾರ, ಬೆಳಿಗ್ಗೆ ಹತ್ತೂವರೆ, ರೇಣುಗೆ ಕೊಟ್ಟೆ. ಅದರ ಮುಂದೆ ನಾನು ಸಹಿ ಹಾಕುತ್ತೇನೆ.